ವಿಕೋಪ, ಆಘಾತ ಮತ್ತು ಮಕ್ಕಳು: ಗದಗ ಸೀಮೆಯಲ್ಲಿ ಕುಟುಂಬಗಳಿಗೆ ನೆರವು

ನೆರೆ, ಬರ, ಭೂಕಂಪ, ಬೆಂಕಿ, ಸಾಂಕ್ರಾಮಿಕ ರೋಗ, ಮನೆಯವರ ಅಕಾಲ ಮರಣ, ಹಿಂಸೆ ಇವುಗಳಲ್ಲಿ ಯಾವುದಕ್ಕೇ ಸಿಲುಕಿದ ಮಕ್ಕಳೂ ಅವರ ಮನೆಯವರೂ ಮತ್ತೆ ಚೇತರಿಸಿಕೊಳ್ಳಲು ಬೇಕಾದ ಆಹಾರ, ಆಶ್ರಯ, ರಕ್ಷಣೆ, ಶಿಕ್ಷಣ ಮತ್ತು ಮಾನಸಿಕ ಆರೈಕೆಯನ್ನು ಒಟ್ಟಾಗಿ ಮನೋಸಾಮಾಜಿಕ ನೆರವು ಎನ್ನುತ್ತಾರೆ. ಮನಸ್ಸಿನ ಗಾಯವನ್ನೂ ಬದುಕಿನ ಕಷ್ಟವನ್ನೂ ಬೇರೆ ಮಾಡಲಾಗದು ಎಂಬ ತಿಳಿವಳಿಕೆ ಈ ಹೆಸರಿನಲ್ಲಿದೆ. ಮನೆ ಬಿದ್ದ ಕುಟುಂಬಕ್ಕೆ ಬರೀ ಸಾಂತ್ವನದ ಮಾತು ಸಾಲದು. ಬೆಚ್ಚಿಬಿದ್ದ ಮಗುವಿಗೆ ಬರೀ ಪರಿಹಾರದ ಚೆಕ್ಕೂ ಸಾಲದು. ಉತ್ತರ ಕರ್ನಾಟಕದ ಗದಗ ಜಿಲ್ಲೆಯ ಅನುಭವವನ್ನು ಆಧಾರವಾಗಿಟ್ಟುಕೊಂಡು ಈ ಲೇಖನ ವಿಷಯವನ್ನು ಪರಿಚಯಿಸುತ್ತದೆ.

ಪ್ರದೇಶ

1997ರಲ್ಲಿ ಧಾರವಾಡದಿಂದ ಬೇರೆಯಾದ ಗದಗ ಜಿಲ್ಲೆ ಎರಡು ಹೊಳೆಗಳ ನಡುವಿನ ಬಯಲು. ಉತ್ತರದ ಅಂಚಿನಲ್ಲಿ ಮಲಪ್ರಭಾ, ದಕ್ಷಿಣದ ಅಂಚಿನಲ್ಲಿ ತುಂಗಭದ್ರಾ. ನಡುವೆ ಕಪ್ಪತಗುಡ್ಡದ ಸಾಲು, ಎರೆ ಮತ್ತು ಮಸಾರಿ ನೆಲ, ಮಳೆಯನ್ನೇ ನಂಬಿದ ಬೇಸಾಯ. ಹೀಗಾಗಿ ಜಿಲ್ಲೆಯ ಅಂಚಿನ ಊರುಗಳಿಗೆ ನೆರೆಯ ಭಯ, ನಡುವಿನ ಊರುಗಳಿಗೆ ಬರದ ಭಯ. ಗದಗ ತಾಲ್ಲೂಕಿನ ಹರ್ತಿ ಈ ಎರಡನೆಯ ಗುಂಪಿಗೆ ಸೇರಿದ ಊರು. ಬಸವೇಶ್ವರ ಜಾತ್ರೆಗೂ ಚಾಲುಕ್ಯರ ಕಾಲದ ಶಿಲ್ಪವಿರುವ ಉಮಾಮಹೇಶ್ವರ ಗುಡಿಗೂ ಹೆಸರಾದ ಈ ಊರಿನಂಥ ಕಡೆ ಹೊಳೆ ನುಗ್ಗುವುದಿಲ್ಲ, ಮಳೆ ಕೈಕೊಡುತ್ತದೆ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ತಾಲ್ಲೂಕುಗಳ ಒಳಭಾಗದ ಊರುಗಳ, ತಾಂಡಾಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ.

ನೆರೆ ಎಲ್ಲರ ಕಣ್ಣಿಗೆ ಬೀಳುವ ವಿಕೋಪ. ಬರ ಮೆಲ್ಲಗೆ ಬರುತ್ತದೆ. ಮೊದಲು ಬಿತ್ತಿದ್ದು ಹುಟ್ಟುವುದಿಲ್ಲ, ಆಮೇಲೆ ಸಂಘದ ಕಂತು ತುಂಬಲಾಗುವುದಿಲ್ಲ, ಎತ್ತು ಸಂತೆಗೆ ಹೋಗುತ್ತದೆ, ಕೊನೆಗೆ ಮನೆಗೆ ಬೀಗ ಹಾಕಿ ಗೋವೆಗೋ ಮಂಗಳೂರಿಗೋ ಗುಳೆ ಹೊರಡುತ್ತಾರೆ. ಮಗುವಿನ ಕಡೆಯಿಂದ ನೋಡಿದರೆ ಎರಡರಲ್ಲೂ ಆಗುವ ನಷ್ಟ ಒಂದೇ ಬಗೆಯದು: ಮನೆ, ಶಾಲೆ, ಗೆಳೆಯರು, ಅಜ್ಜ ಅಜ್ಜಿ, ದಿನದ ರೂಢಿ ಎಲ್ಲವೂ ಒಮ್ಮೆಲೇ ಕೈತಪ್ಪುತ್ತವೆ.

ಇತಿಹಾಸ

ಈ ಭಾಗದ ದೊಡ್ಡ ನೆನಪು 1876-78ರ ಬರ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಿದ್ದ ಆ ಕ್ಷಾಮ ಮುಂಬಯಿ ಪ್ರಾಂತದ ಧಾರವಾಡ ಸೀಮೆಯನ್ನೂ ಮೈಸೂರು ಸಂಸ್ಥಾನವನ್ನೂ ಒಟ್ಟಿಗೆ ಬಡಿಯಿತು. ಆ ಕಾಲದಲ್ಲಿ ನೆರವೆಂದರೆ ಗಂಜಿ ಮತ್ತು ಕಾಮಗಾರಿ. ಹೆತ್ತವರನ್ನು ಕಳೆದುಕೊಂಡ ಮಕ್ಕಳು ಬಂಧುಗಳ ಮನೆಗೋ ಮಠಕ್ಕೋ ಮಿಷನ್ನಿನ ಅನಾಥಾಲಯಕ್ಕೋ ಸೇರಿದರು.

ನೆಲೆ ತಪ್ಪಿದ ಮಕ್ಕಳಿಗಾಗಿ ಗದಗ ತಾನೇ ರೂಪಿಸಿಕೊಂಡ ಸಂಸ್ಥೆ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಕುಮಾರ ಸ್ವಾಮಿಗಳ ಪ್ರೇರಣೆಯಿಂದ ಪಂಚಾಕ್ಷರಿ ಗವಾಯಿಗಳು (1892-1944) ಅಂಧ ಮತ್ತು ಅನಾಥ ಮಕ್ಕಳಿಗೆ ಊಟ, ವಸತಿಯ ಜೊತೆಗೆ ಸಂಗೀತ ಕಲಿಸಿದರು. ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳು (1914-2010) ಶೈಶವದಲ್ಲೇ ದೃಷ್ಟಿ ಕಳೆದುಕೊಂಡು, ಎಳವೆಯಲ್ಲಿ ತಂದೆ ತಾಯಿ ಇಲ್ಲದವರಾಗಿ, ಸೋದರಮಾವನ ಆಸರೆಯಲ್ಲಿ ಬೆಳೆದು ಪಂಚಾಕ್ಷರಿ ಗವಾಯಿಗಳ ಬಳಿಗೆ ಬಂದವರು. ಅವರಿಗೆ 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. ಬಂಧುವಿನ ಮನೆ, ಕಾಳಜಿಯುಳ್ಳ ಗುರು, ಕೈಗೆ ಒಂದು ವಿದ್ಯೆ, ಸುತ್ತ ತನ್ನಂಥ ಮಕ್ಕಳು ಎಂಬ ನಾಲ್ಕು ಆಧಾರಗಳು ಈ ಒಂದು ಬದುಕಿನಲ್ಲಿ ಒಟ್ಟಿಗೆ ಕಾಣುತ್ತವೆ. ಇಂದಿನ ಮಕ್ಕಳ ರಕ್ಷಣೆಯ ಚಿಂತನೆ ಒತ್ತಿ ಹೇಳುವುದೂ ಇವನ್ನೇ.

ವಿಕೋಪದ ಮಾನಸಿಕ ಪರಿಣಾಮವನ್ನು ಕ್ರಮವಾಗಿ ಗಮನಿಸುವ ಕೆಲಸ ಭಾರತದಲ್ಲಿ ಶುರುವಾದದ್ದಕ್ಕೂ ಕರ್ನಾಟಕಕ್ಕೂ ನಂಟಿದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ಆ ಕುಟುಂಬಗಳ ಶೋಕವನ್ನು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ವೈದ್ಯರು ಅಧ್ಯಯನ ಮಾಡಿದರು. 1984ರ ಭೋಪಾಲ ಅನಿಲ ದುರಂತ, ನಮ್ಮ ಬೀದರ್ ಮತ್ತು ಕಲಬುರಗಿ ಗಡಿಗೆ ಹತ್ತಿರದಲ್ಲೇ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಡೆದ ಲಾತೂರು ಭೂಕಂಪ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ ಈ ಅರಿವನ್ನು ಬೆಳೆಸಿದವು. ಲಕ್ಷಾಂತರ ಜನ ನೊಂದಾಗ ಬೆರಳೆಣಿಕೆಯ ಮನೋವೈದ್ಯರಿಂದ ಏನೂ ಆಗದು, ಊರಿನ ಶಿಕ್ಷಕರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ, ಸ್ವಯಂಸೇವಕರಿಗೆ ತರಬೇತಿ ಕೊಡಬೇಕು ಎಂಬ ದಾರಿಯನ್ನು ನಿಮ್ಹಾನ್ಸ್ ಹಿಡಿಯಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರ ಡಿಸೆಂಬರಿನಲ್ಲಿ ವಿಕೋಪದ ಕಾಲದ ಮನೋಸಾಮಾಜಿಕ ನೆರವಿಗೆಂದೇ ಮಾರ್ಗಸೂಚಿ ಹೊರಡಿಸಿತು. ಉತ್ತರ ಕರ್ನಾಟಕ ತನ್ನ ದೊಡ್ಡ ನೆರೆಯಿಂದ ಎದ್ದು ಕೂತದ್ದೂ ಅದೇ ವರ್ಷ.

2009 ಮತ್ತು 2019ರ ನೆರೆ

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮಲಪ್ರಭೆ ಮತ್ತು ಬೆಣ್ಣೆಹಳ್ಳ ಉಕ್ಕಿ ನರಗುಂದ, ರೋಣ ತಾಲ್ಲೂಕುಗಳ ದಂಡೆಯ ಊರುಗಳು ನೀರಿನಲ್ಲಿ ನಿಂತವು. ಈ ಸೀಮೆಯ ಜನ ನೆರೆ ಎನ್ನುವುದಿಲ್ಲ, ‘ಹೊಳಿ ಬಂತು’ ಎನ್ನುತ್ತಾರೆ. ಊರುಗಳನ್ನು ಎತ್ತರದ ಜಾಗಕ್ಕೆ ಸ್ಥಳಾಂತರಿಸಲು ಸರ್ಕಾರ ದಾನಿಗಳ ನೆರವಿನೊಂದಿಗೆ ‘ಆಸರೆ’ ಯೋಜನೆಯಲ್ಲಿ ಮನೆ ಕಟ್ಟಿಸಿತು. ಹಲವು ಕಡೆ ಆ ಮನೆಗಳು ಹೊಲದಿಂದ ದೂರವಾದವು, ದನಕ್ಕೆ, ಹೊಟ್ಟುಮೇವಿಗೆ ಜಾಗ ಸಾಲಲಿಲ್ಲ, ನೀರು, ರಸ್ತೆ ತಡವಾದವು. ಬಹಳ ಕುಟುಂಬಗಳು ಹಳೆಯ ಊರಿನಲ್ಲೇ ಉಳಿದವು.

ಹತ್ತು ವರ್ಷಗಳ ನಂತರ, 2019ರ ಆಗಸ್ಟಿನಲ್ಲಿ, ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟೆಯಿಂದ ಹರಿದ ನೀರು ಕೊಣ್ಣೂರು, ಲಖಮಾಪುರ, ಹೊಳೆಆಲೂರು, ಮೆಣಸಗಿಯಂಥ ಊರುಗಳಿಗೆ ಮತ್ತೆ ನುಗ್ಗಿತು. 2009ರಲ್ಲಿ ತಾಯಿಯ ಸೊಂಟದ ಮೇಲೆ ಕೂತು ನೀರು ದಾಟಿದ ಮಗು 2019ರಲ್ಲಿ ಹೈಸ್ಕೂಲಿನ ಪುಸ್ತಕ ತಲೆಯ ಮೇಲೆ ಹೊತ್ತು ದಾಟಬೇಕಾಯಿತು. ಸರ್ಕಾರ ತುರ್ತು ಪರಿಹಾರವೆಂದು ಕುಟುಂಬಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಇತ್ತೀಚಿನ ವರ್ಷಗಳಲ್ಲಿ ಸಂತ್ರಸ್ತರ ತಾತ್ಕಾಲಿಕ ಆಶ್ರಯಕ್ಕೆ ‘ಗಂಜಿ ಕೇಂದ್ರ’ ಎಂಬ ಹಳೆಯ ಹೆಸರು ಹೋಗಿ ‘ಕಾಳಜಿ ಕೇಂದ್ರ’ ಎಂಬ ಹೆಸರು ಬಂದಿದೆ. ಹೆಸರಿನ ಈ ಬದಲಾವಣೆ ಸಣ್ಣದಲ್ಲ. ಹಸಿವು ನೀಗಿಸುವುದರ ಆಚೆಗೂ ಕೇಂದ್ರಕ್ಕೆ ಕೆಲಸವಿದೆ ಎಂದು ಅದು ಒಪ್ಪಿಕೊಳ್ಳುತ್ತದೆ.

ಕಾಳಜಿ ಕೇಂದ್ರ ಸಾಮಾನ್ಯವಾಗಿ ತೆರೆಯುವುದು ಸರ್ಕಾರಿ ಶಾಲೆಯಲ್ಲಿ. ನಿನ್ನೆಯವರೆಗೆ ಮಗ್ಗಿ ಬರೆದಿದ್ದ ಬೋರ್ಡಿನ ಕೆಳಗೆ ನಾಲ್ಕು ಕುಟುಂಬಗಳ ಹಾಸಿಗೆ, ಒಟ್ಟಿದ ಬೆಂಚುಗಳ ಮೇಲೆ ಒಣಗಲು ಹಾಕಿದ ರೇಷನ್ ಕಾರ್ಡು, ಪಾಸ್‌ಬುಕ್ಕು, ಅಂಕಪಟ್ಟಿ. ಮಗುವಿಗೆ ಒಂದು ಕಡೆ ಇದು ಗುರುತಿನ ಜಾಗವಾದ್ದರಿಂದ ಧೈರ್ಯ. ಇನ್ನೊಂದು ಕಡೆ, ಕೇಂದ್ರ ಮುಚ್ಚುವವರೆಗೆ ಶಾಲೆ ಇಲ್ಲ. ನೆರವಿನ ಅವಧಿ ಲಂಬಿಸಿದಷ್ಟೂ ಪಾಠದ ನಷ್ಟ ಬೆಳೆಯುತ್ತದೆ.

ಮಕ್ಕಳ ಮೇಲಿನ ಪರಿಣಾಮ

ಆಘಾತಕ್ಕೆ ಮಕ್ಕಳು ತೋರಿಸುವ ಪ್ರತಿಕ್ರಿಯೆ ವಯಸ್ಸಿನೊಂದಿಗೆ ಬದಲಾಗುತ್ತದೆ.

ಐದು ವರ್ಷದ ಒಳಗಿನವರು ತಾಯಿಯ ಸೆರಗು ಬಿಡುವುದಿಲ್ಲ, ರಾತ್ರಿ ಬೆಚ್ಚಿ ಎದ್ದು ಅಳುತ್ತಾರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮರಳುತ್ತದೆ, ಕಲಿತ ಮಾತು ಕಡಿಮೆಯಾಗುತ್ತದೆ.

ಆರರಿಂದ ಹನ್ನೆರಡು ವರ್ಷದವರಲ್ಲಿ ಹೊಟ್ಟೆನೋವು, ತಲೆನೋವು, ಶಾಲೆಗೆ ಹೋಗಲು ಹಿಂಜರಿಕೆ ಕಾಣುತ್ತವೆ. ಕಂಡದ್ದನ್ನೇ ಮತ್ತೆ ಮತ್ತೆ ಆಟವಾಡುತ್ತಾರೆ, ಚಿತ್ರ ಬಿಡಿಸುತ್ತಾರೆ. ‘ನಾನು ಹಟ ಮಾಡಿದ್ದಕ್ಕೇ ಹೀಗಾಯಿತು’ ಎಂಬ ತಪ್ಪಿತಸ್ಥ ಭಾವವೂ ಈ ವಯಸ್ಸಿನಲ್ಲಿ ಸಾಮಾನ್ಯ. ಅದನ್ನು ಅವರು ಕೇಳದೆ ಹೇಳುವುದಿಲ್ಲ.

ಹದಿಹರೆಯದವರು ಮೌನವಾಗುತ್ತಾರೆ ಅಥವಾ ಸಿಡುಕುತ್ತಾರೆ. ಮನೆಯ ಭಾರ ಹೊರಲು ಶಾಲೆ ಬಿಟ್ಟು ದುಡಿಯಲು ಹೊರಡುವ ಹುಡುಗ, ‘ಇರೋದ್ರಾಗ ಒಂದು ಜವಾಬ್ದಾರಿ ಮುಗಿಲಿ’ ಎಂದು ಮದುವೆಗೆ ತಳ್ಳಲ್ಪಡುವ ಹುಡುಗಿ ಇಬ್ಬರೂ ವಿಕೋಪದ ಎರಡನೆಯ ಪೆಟ್ಟಿಗೆ ಸಿಲುಕಿದವರು. ಕುಟುಂಬ ನೆಲೆ ತಪ್ಪಿದಾಗ ಮಕ್ಕಳ ಮೇಲಿನ ದೌರ್ಜನ್ಯದ, ಸಾಗಾಟದ ಅಪಾಯವೂ ಹೆಚ್ಚುತ್ತದೆ.

ಇವುಗಳಲ್ಲಿ ಹೆಚ್ಚಿನವು ರೋಗಗಳಲ್ಲ, ಅಸಹಜ ಘಟನೆಗೆ ಮನಸ್ಸು ತೋರುವ ಸಹಜ ಪ್ರತಿಕ್ರಿಯೆಗಳು. ಆಸರೆ ಸಿಕ್ಕರೆ ಬಹುಪಾಲು ಮಕ್ಕಳು ವಾರಗಳಲ್ಲಿ, ತಿಂಗಳುಗಳಲ್ಲಿ ಸುಧಾರಿಸುತ್ತಾರೆ. ಭಯದ ನೆನಪು, ದುಃಸ್ವಪ್ನ, ನಿದ್ರಾಭಂಗ ತಿಂಗಳು ದಾಟಿಯೂ ಉಳಿದು ದಿನದ ಬದುಕಿಗೆ ಅಡ್ಡಿಯಾದರೆ ಅದನ್ನು ಆಘಾತೋತ್ತರ ಒತ್ತಡದ ಅಸ್ವಸ್ಥತೆ ಎಂದು ಪರಿಗಣಿಸಿ ತಜ್ಞರ ಚಿಕಿತ್ಸೆ ಕೊಡಿಸಬೇಕು. ಈ ಹೆಸರು ವೈದ್ಯಕೀಯ ವರ್ಗೀಕರಣಕ್ಕೆ ಸೇರಿದ್ದು 1980ರಲ್ಲಿ, ಮುಖ್ಯವಾಗಿ ಯುದ್ಧದಿಂದ ಮರಳಿದ ಸೈನಿಕರ ಅನುಭವದಿಂದ. ಮಕ್ಕಳಲ್ಲಿಯೂ ಅದು ಬರುತ್ತದೆಂದು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು.

ಕುಟುಂಬದ ಸ್ಥಾನ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಆನ್ನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳ ಆಶ್ರಯಗಳನ್ನು ನಡೆಸಿದರು. ಬಾಂಬಿನ ಸದ್ದಿಗಿಂತ ತಾಯಿಯಿಂದ ದೂರವಾದದ್ದೇ ಎಳೆಯ ಮಕ್ಕಳನ್ನು ಹೆಚ್ಚು ಕಾಡಿತು ಎಂಬುದು ಅವರು ಕಂಡ ಮುಖ್ಯ ಸಂಗತಿ. ಅಲ್ಲಿಂದ ಇಲ್ಲಿಯವರೆಗಿನ ಅಧ್ಯಯನಗಳು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿವೆ: ಮಗು ಚೇತರಿಸಿಕೊಳ್ಳುವುದು ಅದನ್ನು ಸಾಕುವವರು ಎಷ್ಟು ಚೇತರಿಸಿಕೊಂಡಿದ್ದಾರೆ ಎಂಬುದರ ಮೇಲೆ ನಿಂತಿದೆ. ಸಾಲ, ಕುಡಿತ, ಜಗಳ, ಖಿನ್ನತೆಯಲ್ಲಿ ಮುಳುಗಿದ ಮನೆಯಲ್ಲಿ ಮಗುವಿಗೆ ಮಾತ್ರ ಸಮಾಲೋಚನೆ ಕೊಟ್ಟರೆ ಫಲ ಸಿಗದು.

ಬರದ ಸೀಮೆಯಲ್ಲಿ ಇದರ ಅತ್ಯಂತ ನೋವಿನ ರೂಪ ರೈತರ ಆತ್ಮಹತ್ಯೆ. ಮೃತ ರೈತನ ಕುಟುಂಬಕ್ಕೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ, ಪತ್ನಿಗೆ ಮಾಸಿಕ ಪಿಂಚಣಿ ಕೊಡುತ್ತದೆ. ಕಾಗದಪತ್ರದ ಓಡಾಟ, ಸಾಲ ಕೊಟ್ಟವರ ಒತ್ತಡ, ನೆರೆಹೊರೆಯವರ ಪಿಸುಮಾತುಗಳ ನಡುವೆ ಮಗುವಿನ ಪ್ರಶ್ನೆಗೆ ಉತ್ತರಿಸುವವರಿಲ್ಲ. ‘ಅಪ್ಪ ಊರಿಗೆ ಹೋಗ್ಯಾನ, ಬರ್ತಾನ’ ಎಂದು ಹಿರಿಯರು ಸುಮ್ಮನಿರಿಸುತ್ತಾರೆ. ಅದು ಅಂತಃಕರಣದಿಂದಲೇ ಬಂದ ಮಾತು. ಆದರೂ ಮಗು ಬಾಗಿಲು ಕಾಯುತ್ತಾ ಕೂರುತ್ತದೆ, ಒಂದು ದಿನ ಶಾಲೆಯಲ್ಲಿ ಬೇರೆ ಮಗುವಿನ ಬಾಯಿಂದ ನಿಜ ಕೇಳುತ್ತದೆ. ಅಪ್ಪ ತೀರಿಕೊಂಡಿದ್ದಾನೆ, ಮರಳಿ ಬರುವುದಿಲ್ಲ, ಇದರಲ್ಲಿ ನಿನ್ನ ತಪ್ಪಿಲ್ಲ, ನಿನ್ನನ್ನು ನೋಡಿಕೊಳ್ಳಲು ನಾವಿದ್ದೇವೆ ಎಂಬ ನಾಲ್ಕು ಮಾತನ್ನು ಮಗುವಿಗೆ ಹತ್ತಿರದವರೇ, ಅದಕ್ಕೆ ತಿಳಿಯುವ ಭಾಷೆಯಲ್ಲಿ ಹೇಳುವುದು ಒಳ್ಳೆಯದು. ಅಂತಿಮ ದರ್ಶನ, ತಿಥಿ, ದಿವಸಗಳಲ್ಲಿ ಮಗು ಬಯಸಿದರೆ ಜೊತೆಗಿಟ್ಟುಕೊಳ್ಳಬೇಕು. ಶೋಕಕ್ಕೆ ನಮ್ಮ ಸಂಪ್ರದಾಯ ಕೊಟ್ಟಿರುವ ಕ್ರಮದಲ್ಲಿ ಮಗುವಿಗೂ ಪಾಲಿದೆ.

ನೆರವಿನ ಹಂತಗಳು

ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಇತರ ನೆರವು ಸಂಸ್ಥೆಗಳೂ ಸೇರಿ 2007ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಈ ನೆರವನ್ನು ನಾಲ್ಕು ಮೆಟ್ಟಿಲಿನ ಗೋಪುರವಾಗಿ ಚಿತ್ರಿಸುತ್ತದೆ. ತಳದ ಅಗಲ ಮೆಟ್ಟಿಲು ಎಲ್ಲರಿಗೂ ಬೇಕಾದದ್ದು, ತುದಿಯ ಕಿರಿದು ಮೆಟ್ಟಿಲು ಕೆಲವರಿಗೆ ಮಾತ್ರ.

ಮೊದಲನೆಯದು ಊಟ, ನೀರು, ಸೂರು, ಸುರಕ್ಷತೆ. ಇವನ್ನು ಮರ್ಯಾದೆಯಿಂದ ಕೊಡುವುದೂ ಮನಸ್ಸಿನ ಚಿಕಿತ್ಸೆಯೇ. ಹೆಣ್ಣುಮಕ್ಕಳಿಗೆ ಮರೆಯುಳ್ಳ ಶೌಚಾಲಯ, ರಾತ್ರಿ ದೀಪ, ಬಾಣಂತಿಗೆ ಬೇರೆ ಮೂಲೆ ಇರಬೇಕು. 2002-03ರಿಂದ ರಾಜ್ಯದಲ್ಲಿ ನಡೆದುಬಂದ ಅಕ್ಷರ ದಾಸೋಹದ ಬಿಸಿಯೂಟ ಬರಗಾಲದಲ್ಲಿ ಮಕ್ಕಳನ್ನು ಹಿಡಿದು ನಿಲ್ಲಿಸಿದ ಆಧಾರ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದ ಮೇಲೆ 2024ರ ಬೇಸಿಗೆ ರಜೆಯಲ್ಲೂ ಅಲ್ಲಿನ ಶಾಲೆಗಳಲ್ಲಿ ಬಿಸಿಯೂಟ ನಡೆಸಲಾಯಿತು.

ಎರಡನೆಯದು ಕುಟುಂಬ ಮತ್ತು ಊರಿನ ಬೆಂಬಲ. ಬೇರೆಯಾದವರನ್ನು ಒಂದುಗೂಡಿಸುವುದು, ಶಾಲೆ ಬೇಗ ತೆರೆಯುವುದು, ಆಟ, ಹಾಡು, ಭಜನೆ, ಜಾತ್ರೆ ಮತ್ತೆ ಶುರುವಾಗುವುದು. ಕೇಂದ್ರದ ಒಂದು ಮೂಲೆಯನ್ನು ದಿನಕ್ಕೆ ಕೆಲವು ಗಂಟೆ ಮಕ್ಕಳಿಗೆಂದೇ ಬಿಟ್ಟು, ಚಾಪೆ, ಬಣ್ಣದ ಕಡ್ಡಿ, ಹಗ್ಗ, ಚೆಂಡು ಒದಗಿಸಿದರೂ ಸಾಕು. ನಿಗದಿತ ಹೊತ್ತಿಗೆ ಅದೇ ಅಕ್ಕೋರು ಬಂದು ಅದೇ ಹಾಡು ಹಾಡಿಸಿದರೆ ನಾಳೆ ಎಂಬುದೊಂದು ಇದೆ ಎಂದು ಮಗು ನಂಬತೊಡಗುತ್ತದೆ.

ಮೂರನೆಯದು ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಕೊಡುವ ಮಾನಸಿಕ ಪ್ರಥಮ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇದಕ್ಕೆ ಕೈಪಿಡಿ ಹೊರತಂದಿತು. ನೋಡು, ಕೇಳಿಸಿಕೊ, ಜೋಡಿಸು ಎಂಬುದು ಅದರ ಸಾರ. ಯಾರಿಗೆ ತುರ್ತು ಇದೆ ಎಂದು ನೋಡಬೇಕು, ಹೇಳಬಯಸಿದ್ದನ್ನು ಅಡ್ಡ ಬಾಯಿ ಹಾಕದೆ ಕೇಳಬೇಕು, ಬೇಕಾದ ಸೇವೆಗೂ ಬಂಧುಗಳಿಗೂ ಜೋಡಿಸಬೇಕು. ‘ಹೊಳಿ ಬಂದಾಗ ಏನೇನು ನೋಡಿದಿ, ಹೇಳು’ ಎಂದು ಮಗುವನ್ನು ಒತ್ತಾಯಿಸುವುದು ಗಾಯ ಕೆದಕಿದಂತೆ. ಬದಲಿಗೆ ಪಕ್ಕದಲ್ಲಿ ಕೂತು, ‘ಮಳಿ ಸಪ್ಪಳಕ್ಕ ಅಂಜಿಕಿ ಆಕೈತೇನವ್ವಾ? ನಾನು ಇಲ್ಲೇ ಅದೀನಿ’ ಎಂದರೆ ಮಾತು ತಾನಾಗಿ ಬರುತ್ತದೆ. ಬಾರದಿದ್ದರೂ ಮಗುವಿಗೆ ಜೊತೆ ಸಿಕ್ಕಿರುತ್ತದೆ.

ನಾಲ್ಕನೆಯದು ತಜ್ಞ ಚಿಕಿತ್ಸೆ. ಆಘಾತ ಕೇಂದ್ರಿತ ಮಾತಿನ ಚಿಕಿತ್ಸೆ ಮಕ್ಕಳಲ್ಲಿ ಪರಿಣಾಮಕಾರಿ ಎಂದು ಸಾಬೀತಾಗಿದೆ. ಔಷಧಿ ಎಲ್ಲರಿಗೂ ಬೇಕಿಲ್ಲ.

ಅಂಜಿದ ಮಗುವನ್ನು ಗುಡಿಗೆ, ದರ್ಗಾಕ್ಕೆ ಕರೆದೊಯ್ದು ಭಂಡಾರ ಹಚ್ಚಿಸುವುದು, ತಾಯಿತ ಕಟ್ಟಿಸುವುದು ಈ ಸೀಮೆಯ ರೂಢಿ. ತಾಯಿಗೆ ಧೈರ್ಯ ಕೊಡುವ, ಮಗುವಿಗೆ ನೋವಾಗದ ಆಚರಣೆಯನ್ನು ಹೀಗಳೆಯುವ ಅಗತ್ಯವಿಲ್ಲ. ಹೊಡೆಯುವ, ಬರೆ ಹಾಕುವ, ಆಸ್ಪತ್ರೆಗೆ ಹೋಗುವುದನ್ನು ತಡೆಯುವ ಆಚರಣೆಯನ್ನು ಮಾತ್ರ ತಡೆಯಲೇಬೇಕು.

ಕಾನೂನು ಮತ್ತು ಸಂಸ್ಥೆಗಳು

ಮಕ್ಕಳ ಹಕ್ಕುಗಳ ಒಡಂಬಡಿಕೆ (1989) ಆಘಾತಕ್ಕೊಳಗಾದ ಮಗುವಿನ ಚೇತರಿಕೆಯನ್ನು ಸರ್ಕಾರದ ಹೊಣೆಯೆಂದು 39ನೆಯ ವಿಧಿಯಲ್ಲಿ ಹೇಳುತ್ತದೆ. ಭಾರತ ಇದನ್ನು 1992ರಲ್ಲಿ ಒಪ್ಪಿಕೊಂಡಿತು. ಬಾಲನ್ಯಾಯ ಕಾಯ್ದೆ (2015) ಪ್ರಕಾರ ಪೋಷಕರಿಲ್ಲದೆ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಕುಟುಂಬಕ್ಕೆ ಮರಳಿಸುವುದು ಮೊದಲ ಗುರಿ, ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ. ವಿಕೋಪದ ನಂತರ ಯಾರೋ ಬಂದು ‘ಮಗುವನ್ನು ನಾವು ಸಾಕುತ್ತೇವೆ’ ಎಂದರೆ ಕೊಟ್ಟುಬಿಡುವುದು ಕಾನೂನುಬಾಹಿರ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಬೇಕು. ತಂದೆಯನ್ನು ಕಳೆದುಕೊಂಡು ತಾಯಿಯೊಂದಿಗಿರುವ ಮಗುವೂ ಇದಕ್ಕೆ ಅರ್ಹ ಎಂಬುದು ಬಹಳ ಮನೆಗಳಿಗೆ ತಿಳಿದಿಲ್ಲ. ಕೋವಿಡ್‌ನಿಂದ ಅನಾಥರಾದವರಿಗೆ 2021ರಲ್ಲಿ ಕೇಂದ್ರದ ಪಿಎಂ ಕೇರ್ಸ್ ಮಕ್ಕಳ ಯೋಜನೆಯೂ ರಾಜ್ಯದ ಬಾಲಸೇವಾ ಯೋಜನೆಯೂ ಬಂದವು.

ಮಾನಸಿಕ ಆರೋಗ್ಯವನ್ನು ಜಿಲ್ಲೆಯ ಮಟ್ಟಕ್ಕೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿತು. ಅದೇ ಮಾದರಿಯಾಗಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಜಾರಿಗೆ ಬಂತು. ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ಗದಗಿನಲ್ಲಿ ಜಿಮ್ಸ್ ಆಸ್ಪತ್ರೆ, ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದು ಭಾವಿಸಿ ಆರೈಕೆ ಕೊಡಬೇಕು ಎನ್ನುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಕನ್ನಡದಲ್ಲೂ ಹಗಲಿರುಳು ಉಚಿತವಾಗಿ ಸಿಗುತ್ತದೆ. ಅಪಾಯದಲ್ಲಿರುವ ಯಾವುದೇ ಮಗುವಿಗಾಗಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಕೊರತೆಗಳು

ಕಾಯ್ದೆ, ಯೋಜನೆಗಳ ಕೊರತೆ ಇಂದು ಅಷ್ಟಾಗಿ ಇಲ್ಲ. ಅವು ಮಗುವಿನ ಬಳಿಗೆ ತಲುಪುವ ದಾರಿ ಮತ್ತು ಉಳಿಯುವ ಅವಧಿ ಸಾಲುತ್ತಿಲ್ಲ. ಕಾಳಜಿ ಕೇಂದ್ರ ಮುಚ್ಚಿದ ದಿನ ಮಾನಸಿಕ ನೆರವೂ ಮುಗಿಯುತ್ತದೆ, ತೊಂದರೆ ಎದ್ದು ಕಾಣುವುದು ಮಾತ್ರ ತಿಂಗಳುಗಳ ನಂತರ. ಬರವನ್ನು ಬೆಳೆನಷ್ಟವೆಂದು ಎಕರೆಯಲ್ಲಿ ಅಳೆಯುತ್ತಾರೆ, ಗುಳೆ ಹೋದ ಮಗುವಿನ ಒಂಟಿತನ ಆ ಅಳತೆಯಲ್ಲಿ ಬರುವುದಿಲ್ಲ. ಗುಳೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಓದಲು ಋತುಮಾನದ ವಸತಿ ಶಾಲೆ, ಹೋದ ಕಡೆ ಟೆಂಟ್ ಶಾಲೆ ಎಂಬ ವ್ಯವಸ್ಥೆಗಳು ರಾಜ್ಯದಲ್ಲಿ ನಡೆದಿವೆ. ಅವು ಸುಗ್ಗಿ ಹುಸಿಹೋದ ಪ್ರತಿ ವರ್ಷವೂ, ಪ್ರತಿ ತಾಂಡಾಕ್ಕೂ ಸಿಗಬೇಕು. ಆಶಾ, ಅಂಗನವಾಡಿ ಕಾರ್ಯಕರ್ತೆಯರೂ ಶಿಕ್ಷಕರೂ ಸ್ವತಃ ಸಂತ್ರಸ್ತರಾಗಿರುತ್ತಾರೆ. ತಮ್ಮ ಮನೆಗೂ ನೀರು ಹೊಕ್ಕಿರುವಾಗ ಊರಿಗೆ ಧೈರ್ಯ ಹೇಳುವ ಅವರಿಗೆ ರಜೆ, ತರಬೇತಿ, ಕೇಳುವ ಕಿವಿ ಬೇಕು.

ಈ ಎಲ್ಲದಕ್ಕೂ ಊರಿನಲ್ಲಿ ಈಗಾಗಲೇ ಇರುವ ಒಂದು ಸಾಧನ ಶಾಲೆಯ ಹಾಜರಿ ಪುಸ್ತಕ. ಯಾವ ಮಗು ಬಂದಿಲ್ಲ, ಯಾವಾಗಿನಿಂದ ಬಂದಿಲ್ಲ ಎಂಬುದು ಅದರಲ್ಲಿದೆ. ಆ ಹೆಸರಿನ ಬೆನ್ನು ಹತ್ತಿ ಮನೆಗೆ ಹೋದರೆ ಸಾಲ, ಸಾವು, ಗುಳೆ, ಮದುವೆಯ ಮಾತುಕತೆ ಎಲ್ಲವೂ ತಿಳಿಯುತ್ತದೆ, ಬಹಳಷ್ಟನ್ನು ತಡೆಯಲೂ ಆಗುತ್ತದೆ. ಬಿದ್ದ ಮನೆಗಳ ಲೆಕ್ಕ, ಒಣಗಿದ ಎಕರೆಗಳ ಲೆಕ್ಕ ಜಿಲ್ಲಾಡಳಿತದ ಬಳಿ ಇದೆ. ವಿಕೋಪ ಕಳೆದು ಒಂದು ವರ್ಷವಾದ ಮೇಲೂ ಶಾಲೆಯಲ್ಲಿ ಉಳಿದಿರುವ ಮಕ್ಕಳ ಲೆಕ್ಕವನ್ನೂ ಅದರ ಪಕ್ಕದಲ್ಲಿ ಬರೆಯುವಂತಾದರೆ, ಪರಿಹಾರ ನಿಜವಾಗಿ ತಲುಪಿತೇ ಇಲ್ಲವೇ ಎಂಬುದು ತಿಳಿಯುತ್ತದೆ.